ಘಟಸರ್ಪ ಎಂದರೆ ಯಾವ ಹಾವು?

ವರ್ಷಕ್ಕೆ ಎರಡು ಸಲ ನಮ್ಮ ದೇವಾಲಯಗಳಲ್ಲಿ ಘಟಸರ್ಪದ ಹೆಸರು ಕೇಳಿಬರುತ್ತದೆ. ಮೊದಲನೆಯದು ಆಗಸ್ಟ್ 15, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರ ಮಹೋತ್ಸವ. ಎರಡನೆಯದು ಸೆಪ್ಟೆಂಬರ್ 29, ಮಹಾದೂತರಾದ ಮಿಕಾಯೇಲ, ಗಬ್ರಿಯೇಲ, ರಫಾಯೇಲರ ಹಬ್ಬ. ಅಂದು ಓದಲು ಧರ್ಮಸಭೆ ಕೊಟ್ಟಿರುವ ವಾಚನಗಳಲ್ಲಿ ಪ್ರಕಟನಾ ಗ್ರಂಥದ 12ನೆಯ ಅಧ್ಯಾಯವೂ ಒಂದು. ಏಳು ತಲೆ, ಹತ್ತು ಕೊಂಬು, ಕೆಂಪು ಮೈ. ಬಾಲದ ಒಂದೇ ಬೀಸಿಗೆ ಆಕಾಶದ ನಕ್ಷತ್ರಗಳಲ್ಲಿ ಮೂರರಲ್ಲೊಂದು ಪಾಲು ಉದುರಿ ಬೀಳುತ್ತದೆ. ಅಲ್ಲಿಯವರೆಗೆ ಅತ್ತಿತ್ತ ನೋಡುತ್ತಿದ್ದ ಮಕ್ಕಳು ಈ ಭಾಗಕ್ಕೆ ಬಂದಾಗ ತಲೆಯೆತ್ತಿ ಕೇಳುತ್ತಾರೆ.

ಧರ್ಮೋಪದೇಶದ ತರಗತಿಯಲ್ಲಿ ಅವರು ಕೇಳುವ ಪ್ರಶ್ನೆ ಸರಳವಾದದ್ದು. ಸಂತ ಮಿಕಾಯೇಲರ ಕಾಲ ಕೆಳಗೆ ಬಿದ್ದಿರುವುದು ಯಾವ ಪ್ರಾಣಿ? ಬೇರೆ ಊರುಗಳಲ್ಲಿ ಇದಕ್ಕೆ 'ಡ್ರ್ಯಾಗನ್' ಎಂದು ಹೇಳಿ ಮುಗಿಸಬಹುದೇನೋ. ಸಕಲೇಶಪುರ, ಆಲೂರು ಸೀಮೆಯಲ್ಲಿ ಅಷ್ಟಕ್ಕೆ ಮುಗಿಯುವುದಿಲ್ಲ. ನಮ್ಮಲ್ಲಿ ಆಗಸ್ಟ್ 15ರ ವಾಚನ ಓದುವ ಹೊತ್ತಿಗೆ ಅಕ್ಕಪಕ್ಕದ ಮನೆಯವರು ನಾಗರಪಂಚಮಿಗೆ ಹುತ್ತಕ್ಕೆ ತನಿ ಎರೆದು ಬಂದಿರುತ್ತಾರೆ, ಇಲ್ಲವೇ ಎರೆಯಲು ಸಿದ್ಧರಾಗಿರುತ್ತಾರೆ. ಬಿಸಿಲೆ ಘಾಟಿ ಇಳಿದರೆ ಕುಕ್ಕೆ ಸುಬ್ರಹ್ಮಣ್ಯ. ಶಾಲೆಯ ಪ್ರವಾಸಕ್ಕೆಂದು ಬೈಲಕುಪ್ಪೆಗೆ ಹೋದ ಮಕ್ಕಳು ಅಲ್ಲಿನ ಸ್ವರ್ಣಮಂದಿರದ ಕಂಬಗಳಿಗೆ ಸುತ್ತಿಕೊಂಡ ಡ್ರ್ಯಾಗನ್‌ಗಳನ್ನು ನೋಡಿ ಬಂದಿರುತ್ತಾರೆ. ಹಾಗಾದರೆ ಅವರು ಸೈತಾನನನ್ನೇ ಕಂಬಕ್ಕೆ ಸುತ್ತಿಸಿದ್ದಾರೆಯೇ? ನೆರೆಮನೆಯ ಅಜ್ಜಿ ಹಾಲೆರೆಯುವುದು ಪಿಶಾಚಿಗೇ? ಮಕ್ಕಳ ಇಂಥ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ತರವಲ್ಲ. ದೊಡ್ಡವರ ಮನಸ್ಸಿನಲ್ಲೂ ಇದೇ ಪ್ರಶ್ನೆ ಬಾಯಿ ಬಿಡದೆ ಕುಳಿತಿರುತ್ತದೆ.

ಮೊದಲು ಪದವನ್ನೇ ನೋಡೋಣ. ಪ್ರಕಟನಾ ಗ್ರಂಥ ಬರೆಯಲ್ಪಟ್ಟ ಗ್ರೀಕ್ ಭಾಷೆಯಲ್ಲಿ ಇರುವುದು 'ದ್ರಾಕೋನ್'. ದೊಡ್ಡ ಹಾವು ಎಂದೇ ಅದರ ಅರ್ಥ. ದಿಟ್ಟಿಸಿ ನೋಡುವುದು ಎಂಬ ಧಾತುವಿನಿಂದ ಬಂದದ್ದು ಎನ್ನುತ್ತಾರೆ. ರೆಪ್ಪೆ ಮುಚ್ಚದ ಹಾವಿನ ಕಣ್ಣನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದೇ ಲತೀನಿನಲ್ಲಿ 'ದ್ರಾಕೊ' ಆಯಿತು, ಇಂಗ್ಲಿಷಿನಲ್ಲಿ 'ಡ್ರ್ಯಾಗನ್' ಆಯಿತು. ರೆಕ್ಕೆ, ಬೆಂಕಿಯುಗುಳುವ ಬಾಯಿ ಎಲ್ಲವೂ ಆಮೇಲೆ ಅಂಟಿಕೊಂಡವು. ಬಾವಲಿಯ ರೆಕ್ಕೆ ಕೊಟ್ಟವರು ಮಧ್ಯಯುಗದ ಯುರೋಪಿನ ಚಿತ್ರಕಾರರು.

ಕನ್ನಡಕ್ಕೆ ಬೈಬಲನ್ನು ತಂದವರು ಇದಕ್ಕೆ ಆರಿಸಿಕೊಂಡದ್ದು 'ಘಟಸರ್ಪ'. ಭಾರಿ ವಿಷದ ಹಾವಿಗೆ ನಮ್ಮ ಜನ ಹೇಳುವ ಮಾತು ಅದು. ಇನ್ನೊಂದು ಅರ್ಥವೂ ಉಂಟು. ಘಟ ಎಂದರೆ ಗಡಿಗೆ. ಹಿಂದಿನ ಕಾಲದಲ್ಲಿ ಆಪಾದನೆ ಹೊತ್ತವರು ತಾವು ನಿರಪರಾಧಿ ಎಂದು ತೋರಿಸಲು, ಹಾವನ್ನು ಬಿಟ್ಟ ಗಡಿಗೆಯೊಳಗೆ ಕೈಹಾಕಿ ಉಂಗುರವನ್ನೋ ನಾಣ್ಯವನ್ನೋ ತೆಗೆಯಬೇಕಾಗಿತ್ತು. ಗಿರೀಶ ಕಾರ್ನಾಡರ 'ನಾಗಮಂಡಲ' ನಾಟಕದಲ್ಲಿ ರಾಣಿ ಹುತ್ತದೊಳಗೆ ಕೈಯಿಡುವ ದೃಶ್ಯ ಈ ಜಾತಿಯದೇ. 1997ರಲ್ಲಿ ಬಂದ ಅದರ ಚಲನಚಿತ್ರವನ್ನು ನೋಡಿದವರಿಗೆ ನೆನಪಿರಬಹುದು. ಆಪಾದನೆ, ಹಾವು, ನಡುವೆ ಒಬ್ಬಳು ಹೆಂಗಸು. ಅನುವಾದಕರು ಇದನ್ನೆಲ್ಲ ಯೋಚಿಸಿ ಆ ಪದವನ್ನು ಇಟ್ಟರೆಂದು ನಾವು ಹೇಳುವುದಿಲ್ಲ. ಆದರೆ ಪದ ಚೆನ್ನಾಗಿ ಕೂತಿದೆ. ಏಕೆಂಬುದು ಮುಂದೆ ತಿಳಿಯುತ್ತದೆ.

ಹಳೆಯ ಒಡಂಬಡಿಕೆಯಲ್ಲಿ ಈ ಜೀವಿಗೆ ಒಂದೇ ಮುಖವಿಲ್ಲ. ಹೀಬ್ರೂ ಭಾಷೆಯಲ್ಲಿ 'ತನ್ನೀನ್' ಎಂಬ ಪದವಿದೆ. ಆದಿಕಾಂಡದ ಮೊದಲನೆಯ ಅಧ್ಯಾಯದಲ್ಲಿ ದೇವರು ಐದನೆಯ ದಿನ ಸಮುದ್ರದ ಮಹಾಜೀವಿಗಳನ್ನು ಸೃಷ್ಟಿಸುತ್ತಾರೆ. ಅಲ್ಲಿರುವುದು ಇದೇ ಪದ. ಸೃಷ್ಟಿಸಿ, ನೋಡಿ, ಒಳ್ಳೆಯದೆಂದು ಮೆಚ್ಚುತ್ತಾರೆ. ಫರೋಹನ ಮುಂದೆ ಆರೋನನ ಕೋಲು ಹಾವಾದಾಗಲೂ ಇದೇ ಪದ. ಇನ್ನು ಲೆವಿಯಾತಾನನ ವಿಷಯ. ಇಸ್ರಾಯೇಲಿನ ಸುತ್ತಮುತ್ತಲ ಜನಾಂಗಗಳಲ್ಲಿ ಕಡಲ ಸರ್ಪವನ್ನು ದೇವರು ಸೀಳಿದ ಕಥೆಗಳು ಪ್ರಚಲಿತವಾಗಿದ್ದವು. ಬಾಬಿಲೋನಿನವರು ಮರ್ದೂಕನು ತಿಯಾಮತಳನ್ನು ಕೊಂದನೆನ್ನುತ್ತಿದ್ದರು. ಸಿರಿಯಾದ ರಾಸ್ ಶಮ್ರಾದಲ್ಲಿ 1929ರಿಂದ ನಡೆದ ಉತ್ಖನನದಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿ ಏಳು ತಲೆಯ 'ಲೋತಾನ್' ಎಂಬ ಸರ್ಪದ ಹೆಸರಿದೆ. 74ನೆಯ ಕೀರ್ತನೆಯಲ್ಲಿ ದೇವರು ಲೆವಿಯಾತಾನನ ತಲೆಗಳನ್ನು ಜಜ್ಜುತ್ತಾರೆ. ಅದೇ ಕೀರ್ತನೆಗಳ ಗ್ರಂಥದ 104ನೆಯದರಲ್ಲಿಯಾದರೋ ಆ ಮಹಾಮೃಗ ಕಡಲಲ್ಲಿ ಆಟವಾಡಿಕೊಂಡಿದೆ, ಮಿಕ್ಕೆಲ್ಲ ಜೀವಿಗಳ ಹಾಗೆ ಹೊತ್ತುಹೊತ್ತಿಗೆ ದೇವರ ಕೈಯಿಂದ ಊಟಕ್ಕೆ ಕಾಯುತ್ತದೆ!

ನಮ್ಮ ಕಥೋಲಿಕ ಬೈಬಲಿನಲ್ಲಿ ಇರುವ ಒಂದು ಕಥೆಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆವು. ದಾನಿಯೇಲನ ಗ್ರಂಥದ 14ನೆಯ ಅಧ್ಯಾಯ. ಬಾಬಿಲೋನಿನವರು ಒಂದು ಘಟಸರ್ಪವನ್ನು ಪೂಜಿಸುತ್ತಿರುತ್ತಾರೆ. ಕತ್ತಿ, ದೊಣ್ಣೆ ಯಾವುದೂ ಇಲ್ಲದೆ ಅದನ್ನು ಕೊಲ್ಲುತ್ತೇನೆ ಎಂದು ದಾನಿಯೇಲನು ರಾಜನ ಅಪ್ಪಣೆ ಪಡೆಯುತ್ತಾನೆ. ರಾಳ, ಕೊಬ್ಬು, ಕೂದಲು ಮೂರನ್ನೂ ಬೇಯಿಸಿ ಉಂಡೆ ಕಟ್ಟಿ ತಿನ್ನಿಸುತ್ತಾನೆ. ಹೊಟ್ಟೆಬಾಕ ಸರ್ಪ ತಿಂದು ಒಡೆದುಹೋಗುತ್ತದೆ. ನಗುತ್ತ ಓದಬೇಕಾದ ಕಥೆ ಇದು. ಮಕ್ಕಳಿಗೆ ಹೇಳಿ, ಬಹಳ ಇಷ್ಟಪಡುತ್ತಾರೆ.

ಇಷ್ಟಾದ ಮೇಲೆ ಪ್ರಕಟನಾ ಗ್ರಂಥಕ್ಕೆ ಬರೋಣ. ಮೊದಲನೆಯ ಶತಮಾನದ ಕೊನೆಯಲ್ಲಿ, ರೋಮನ್ ಚಕ್ರವರ್ತಿಗೆ ಧೂಪ ಹಾಕಲು ಒಪ್ಪದೆ ನಲುಗುತ್ತಿದ್ದ ಕ್ರೈಸ್ತರಿಗಾಗಿ ಬರೆದ ಗ್ರಂಥವಿದು. ಬಹಿರಂಗವಾಗಿ ಹೇಳಲಾಗದ್ದನ್ನು ಚಿತ್ರಗಳಲ್ಲಿ ಹೇಳುತ್ತದೆ. ಏಳು ತಲೆಗಳೆಂದರೆ ಏಳು ಬೆಟ್ಟಗಳು ಎಂದು 17ನೆಯ ಅಧ್ಯಾಯದಲ್ಲಿ ಮೃಗದ ಕುರಿತು ಬರೆದಾಗ, ಏಳು ಗುಡ್ಡಗಳ ಮೇಲೆ ಕಟ್ಟಿದ ರೋಮ್ ನಗರ ಅಂದಿನ ಓದುಗರಿಗೆ ತಟ್ಟನೆ ಹೊಳೆದಿರಬೇಕು. ಘಟಸರ್ಪ ಯಾರೆಂಬುದನ್ನು ಮಾತ್ರ ಗ್ರಂಥಕರ್ತ ಒಗಟಾಗಿ ಬಿಡುವುದಿಲ್ಲ. 12ನೆಯ ಅಧ್ಯಾಯದ 9 ಮತ್ತು 10ನೆಯ ವಚನಗಳನ್ನು ಮನೆಯಲ್ಲಿ ತೆರೆದು ಓದಿರಿ. ಅಲ್ಲಿ ಅವನಿಗೆ ಕೊಟ್ಟ ಹೆಸರುಗಳಲ್ಲಿ ಎರಡನ್ನು ಗಮನಿಸಬೇಕು: ಲೋಕವನ್ನೆಲ್ಲ ವಂಚಿಸುವವನು; ಹಗಲಿರುಳೂ ನಮ್ಮ ಸಹೋದರರ ಮೇಲೆ ದೂರು ಹೊರಿಸುವವನು. 'ಸೈತಾನ' ಎಂಬ ಹೀಬ್ರೂ ಪದಕ್ಕೆ ಎದುರಾಳಿ, ಆಪಾದಕ ಎಂದು ಅರ್ಥ. ಗ್ರೀಕಿನ 'ದಿಯಾಬೊಲೊಸ್' ಎಂದರೆ ಚಾಡಿಕೋರ. ಘಟಸರ್ಪದ ಬಲವಿರುವುದು ಅದರ ನಾಲಗೆಯಲ್ಲಿ.

ಅದಕ್ಕೆ ಎದುರು ನಿಲ್ಲುವವರ ಹೆಸರಾದರೂ ಏನು? ಮಿಕಾಯೇಲ ಎಂಬುದು ಒಂದು ಪ್ರಶ್ನೆ: ದೇವರಿಗೆ ಸಮಾನರು ಯಾರು? ಆ ಅಧ್ಯಾಯವನ್ನು ಎಷ್ಟು ಹುಡುಕಿದರೂ ಅವರ ಕೈಯಲ್ಲಿ ಈಟಿ ಕಾಣುವುದಿಲ್ಲ. ಈಟಿ, ಕತ್ತಿ, ಕವಚ, ಹೊಳೆಯುವ ಶಿರಸ್ತ್ರಾಣ ಇವೆಲ್ಲ ಚಿತ್ರಕಾರರ ಕಾಣಿಕೆ. ನಮ್ಮ ಮನೆಗಳ ಅನೇಕ ಕ್ಯಾಲೆಂಡರ್ ಚಿತ್ರಗಳಿಗೆ ಮೂಲ, ರೋಮಿನ ಕಪುಚಿನ್ ದೇವಾಲಯದಲ್ಲಿರುವ, ಗುಯಿದೊ ರೇನಿ ಎಂಬ ಕಲಾವಿದ 1635ರ ಸುಮಾರಿಗೆ ಬರೆದ ಚಿತ್ರ. ಅದರಲ್ಲಿ ಕಾಲ ಕೆಳಗಿರುವುದು ಹಾವಲ್ಲ, ರೆಕ್ಕೆಯುಳ್ಳ ಮನುಷ್ಯರೂಪ. 2018ರ ಅಕ್ಟೋಬರ್ ತಿಂಗಳಲ್ಲಿ ಪ್ರತಿದಿನ ಜಪಸರದ ಕೊನೆಗೆ ಸಂತ ಮಿಕಾಯೇಲರ ಪ್ರಾರ್ಥನೆಯನ್ನು ಸೇರಿಸಿ ಹೇಳಬೇಕೆಂದು ಪೋಪ್ ಫ್ರಾನ್ಸಿಸರು ಕೇಳಿಕೊಂಡಾಗ ಮುಂದಿಟ್ಟದ್ದು ಇದೇ ಆಪಾದಕನ ಮಾತನ್ನು: ಜನರನ್ನು ಒಬ್ಬರಿಂದೊಬ್ಬರನ್ನು ಒಡೆಯುವವನ ವಿಷಯವನ್ನು.

ಸಂತರ ಕಥೆಗಳಲ್ಲಿ ಘಟಸರ್ಪ ಹೇಗೆ ಬಂತು ಎಂಬುದು ಬೇರೆ ಮಾತು. ಸಂತ ಜಾರ್ಜರು 303ರ ಸುಮಾರಿಗೆ, ಡಯೋಕ್ಲೀಷಿಯನ್ ಚಕ್ರವರ್ತಿಯ ಹಿಂಸೆಯ ಕಾಲದಲ್ಲಿ ರಕ್ತಸಾಕ್ಷಿಯಾದವರು. ಅವರ ಹಳೆಯ ಚರಿತ್ರೆಗಳಲ್ಲಿ ಘಟಸರ್ಪವಿಲ್ಲ. ಸುಮಾರು 700 ವರ್ಷಗಳ ಮೇಲೆ ಅದು ಸೇರಿಕೊಂಡಿತು. 13ನೆಯ ಶತಮಾನದಲ್ಲಿ ವೊರಾಜಿನ್‌ನ ಯಾಕೋಬರು ಬರೆದ 'ಸುವರ್ಣ ಕಥಾಮಾಲೆ'ಯಿಂದ ಯುರೋಪಿನ ಮನೆಮನೆಗೂ ತಲುಪಿತು. ಕೆರೆಯಲ್ಲಿ ವಾಸವಾಗಿದ್ದ ಸರ್ಪ, ದಿನಕ್ಕೆರಡು ಕುರಿ, ಕುರಿ ಮುಗಿದ ಮೇಲೆ ಚೀಟಿ ಎತ್ತಿ ಮಕ್ಕಳು, ಕೊನೆಗೆ ರಾಜಕುಮಾರಿಯ ಸರದಿ, ಅಷ್ಟರಲ್ಲಿ ಕುದುರೆಯೇರಿ ಬಂದ ಜಾರ್ಜರು. ಕೇರಳದಲ್ಲಿ ಹಾವಿನ ಭಯಕ್ಕೆ ಗೀವರ್ಗೀಸ್ ಪುಣ್ಯವಂತರನ್ನು ಬೇಡುವ ರೂಢಿ ಬಹಳ ಬಲವಾಗಿದೆ. ಘಟ್ಟದ ಕೆಳಗೆ ರಬ್ಬರ್ ಹಾಕಿಕೊಂಡು ನೆಲೆಸಿದ ಕುಟುಂಬಗಳು ಆ ಭಕ್ತಿಯನ್ನು ಜೊತೆಗೇ ತಂದಿವೆ. ಸಂತ ಜಾರ್ಜರು ಕ್ರಿಸ್ತನಿಗಾಗಿ ಪ್ರಾಣ ಕೊಟ್ಟದ್ದು ಚರಿತ್ರೆ, ಘಟಸರ್ಪದ್ದು ಕಥೆ. ಕಥೆಯನ್ನು ಕಥೆಯೆಂದು ಸವಿಯುವುದರಲ್ಲಿ ತಪ್ಪಿಲ್ಲ.

ನಮಗಾದರೋ ಸಂತ ಮಾರ್ತಳ ಕಥೆಯೇ ಹೆಚ್ಚು ಇಷ್ಟ. ಬೆಥಾನಿಯ ಮಾರ್ತಾ, ಯೇಸುಸ್ವಾಮಿಗೆ ಅಡಿಗೆ ಮಾಡಿ ಬಡಿಸಲು ಓಡಾಡಿದವಳು. ಆಕೆ ಫ್ರಾನ್ಸ್ ದೇಶಕ್ಕೆ ಹೋದಳೆಂದೂ, ರೋನ್ ನದಿಯ ದಡದಲ್ಲಿ ಜನರನ್ನು ತಿನ್ನುತ್ತಿದ್ದ 'ತರಾಸ್ಕ್' ಎಂಬ ಮೃಗಕ್ಕೆ ಪವಿತ್ರ ಜಲ ಚಿಮುಕಿಸಿ, ತನ್ನ ನಡುಪಟ್ಟಿಯನ್ನೇ ಅದರ ಕೊರಳಿಗೆ ಕಟ್ಟಿ ಕುರಿಯ ಹಾಗೆ ನಡೆಸಿಕೊಂಡು ಬಂದಳೆಂದೂ ಕಥೆ. ತಾರಾಸ್ಕೋನ್ ಎಂಬ ಊರಿಗೆ ಹೆಸರು ಬಂದದ್ದೇ ಇದರಿಂದ ಎನ್ನುತ್ತಾರೆ. ಅಲ್ಲಿ ಈಗಲೂ ಆ ಮೃಗದ ದೊಡ್ಡ ಬೊಂಬೆಯ ಮೆರವಣಿಗೆ ನಡೆಯುತ್ತದೆ. ಮೃಗವನ್ನು ಕೊಂದದ್ದು ಮಾರ್ತಳಲ್ಲ, ಹೆದರಿದ ಊರ ಜನ.

ಒಬ್ಬ ವೀರ, ಒಂದು ಮೃಗ, ನೋಡುತ್ತ ನಿಂತ ಒಬ್ಬ ಗುರು ಅಥವಾ ರಾಜ. ಈ ಚಿತ್ರ ನಮ್ಮ ಜಿಲ್ಲೆಗೆ ಹೊಸದಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದ ಬಾಗಿಲಲ್ಲಿ ನಿಂತರೆ ಸಳನು ಮೃಗವನ್ನು ಇರಿಯುತ್ತಿರುವ ಶಿಲ್ಪ ಎದುರಾಗುತ್ತದೆ. ಮೂಡಿಗೆರೆ ತಾಲ್ಲೂಕಿನ ಅಂಗಡಿ, ಹಿಂದಿನ ಸೊಸೆವೂರು, ಅಲ್ಲಿ ಜೈನ ಮುನಿ ಸುದತ್ತರು 'ಹೊಯ್ ಸಳ' ಎಂದು ಕೂಗಿದಾಗ ಸಳನು ಮೇಲೆರಗಿದ ಹುಲಿಯನ್ನು ಹೊಡೆದನೆಂದು ಐತಿಹ್ಯ. ಚೋಳರ ಲಾಂಛನ ಹುಲಿಯಾಗಿತ್ತು, 1116ರ ಸುಮಾರಿಗೆ ವಿಷ್ಣುವರ್ಧನನು ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ್ದನ್ನೇ ಈ ಶಿಲ್ಪ ಹೇಳುತ್ತದೆ ಎಂಬುದು ಹಲವು ಇತಿಹಾಸಕಾರರ ಮತ. ರೋಮನ್ ಸಾಮ್ರಾಜ್ಯವನ್ನು ಏಳು ತಲೆಯ ಮೃಗವಾಗಿ ಕಂಡ ಮನಸ್ಸೂ ಚೋಳ ರಾಜ್ಯವನ್ನು ಹುಲಿಯಾಗಿ ಕಡೆದ ಮನಸ್ಸೂ ತೀರ ದೂರದವಲ್ಲ.

ಆದರೆ ಹಳೇಬೀಡಿನ ಗೋಡೆಯ ಬುಡವನ್ನು ಸುತ್ತುವರಿದ ಸಾಲುಗಳನ್ನು ನೋಡಿರಿ. ಆನೆ, ಸಿಂಹ, ಕುದುರೆ, ಬಳ್ಳಿ, ಪುರಾಣ ಕಥೆ, ಹಂಸ. ಇವುಗಳ ಮಧ್ಯೆ ಒಂದು ಸಾಲು ಮಕರ. ಆನೆಯ ಸೊಂಡಿಲು, ಮೊಸಳೆಯ ಬಾಯಿ, ಸಿಂಹದ ಕಾಲು, ನವಿಲಿನ ಬಾಲ. ಲೋಕದ ಯಾವ ಡ್ರ್ಯಾಗನ್ನಿಗೂ ಕಡಿಮೆಯಿಲ್ಲದ ಕಲ್ಪನೆ! ಇದನ್ನು ಯಾರೂ ಇರಿಯುತ್ತಿಲ್ಲ. ಬಾಗಿಲ ಮೇಲಿನ ತೋರಣದಲ್ಲಿ ಮಕರ ಕಾವಲು ನಿಲ್ಲುತ್ತದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅಲ್ಲಿಗೆ ಹೊರಟ ಬಂಧುಗಳಿಗೆ ನಾವು ಹೇಳುವುದಿಷ್ಟೇ: ಮೇಲಿನ ಮದನಿಕೆಯರನ್ನು ನೋಡಿದ ಹಾಗೆ ಈ ಕೆಳಗಿನ ಸಾಲನ್ನೂ ನೋಡಿ ಬನ್ನಿ.

ಚೀನಾ, ಟಿಬೆಟ್, ಭೂತಾನಗಳ ಡ್ರ್ಯಾಗನ್ ಕೂಡ ಈ ಕಾವಲಿನ ಕುಲದ್ದು. ಚೀನೀಯರಿಗೆ ಅದು ಮಳೆ ತರುವ ಜೀವಿ, ಚಕ್ರವರ್ತಿಯ ಗುರುತು. 2024ನ್ನು ಅವರು ಡ್ರ್ಯಾಗನ್ ವರ್ಷವೆಂದು ಹಬ್ಬ ಮಾಡಿದರು. ಭೂತಾನಿನ ಬಾವುಟದಲ್ಲಿರುವುದು ಗುಡುಗಿನ ಡ್ರ್ಯಾಗನ್. ಬೈಲಕುಪ್ಪೆಯ ಕಂಬದ ಮೇಲಿರುವುದು ಸೈತಾನನಲ್ಲ ಎಂದು ಮಕ್ಕಳಿಗೆ ಧೈರ್ಯವಾಗಿ ಹೇಳಬಹುದು. ಚೀನೀ ಭಾಷೆಯ ಬೈಬಲಿನಲ್ಲಿ ಪ್ರಕಟನಾ ಗ್ರಂಥದ ಈ ವೈರಿಗೆ ತಮ್ಮ ಪ್ರೀತಿಯ ಡ್ರ್ಯಾಗನ್ನಿನ ಹೆಸರನ್ನೇ ಇಟ್ಟಿದ್ದಾರೆ. ಅಲ್ಲಿನ ಕ್ರೈಸ್ತರ ಇಕ್ಕಟ್ಟನ್ನು ಊಹಿಸಿಕೊಳ್ಳಿ. ನಮ್ಮ ಇಕ್ಕಟ್ಟೂ ಅದೇ. ನೆರೆಯವರು ಕೈಮುಗಿಯುವ ಸರ್ಪದ ಹೆಸರೇ ನಮ್ಮ ವಾಚನದಲ್ಲಿ ವೈರಿಯ ಹೆಸರಾಗಿದೆ.

ಹಾಗೆಂದು ಬೈಬಲ್ ಹಾವನ್ನು ಶಪಿಸಿ ಬಿಟ್ಟುಬಿಡುವುದಿಲ್ಲ. ಮರುಭೂಮಿಯಲ್ಲಿ ಮೋಶೆ ಎತ್ತಿ ನಿಲ್ಲಿಸಿದ ಕಂಚಿನ ಸರ್ಪವನ್ನು ನೋಡಿದವರು ಬದುಕಿದರು. ಶಿಲುಬೆಯ ಮೇಲೆ ಎತ್ತಲ್ಪಡುವ ತಮಗೆ ಯೇಸುಸ್ವಾಮಿ ಅದನ್ನೇ ಹೋಲಿಕೆಯಾಗಿ ತೆಗೆದುಕೊಂಡರು. ಶಿಷ್ಯರನ್ನು ಕಳುಹಿಸುವಾಗ ಸರ್ಪದ ಜಾಣ್ಮೆ ನಿಮ್ಮಲ್ಲಿರಲಿ ಎಂದರು. ಎರಡನೆಯ ವತಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ 'ನೋಸ್ತ್ರಾ ಎತಾತೆ' ಘೋಷಣೆಯು ಇತರ ಧರ್ಮಗಳಲ್ಲಿರುವ ಸತ್ಯವಾದದ್ದನ್ನೂ ಪವಿತ್ರವಾದದ್ದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲವೆಂದು ತಿಳಿಸಿತು. ನಾಗರಕಲ್ಲಿಗೆ ಹಾಲೆರೆಯುವ ನೆರೆಯವರ ಭಕ್ತಿ ನಮ್ಮದಲ್ಲ, ಆದರೆ ಅದನ್ನು ಪಿಶಾಚಿಯ ಪೂಜೆ ಎಂದು ಹೀಯಾಳಿಸುವ ಹಕ್ಕನ್ನು ಪ್ರಕಟನಾ ಗ್ರಂಥ ನಮಗೆ ಕೊಟ್ಟಿಲ್ಲ.

ಇಲ್ಲಿ ಒಂದು ಸೂಕ್ಷ್ಮ ವಿಷಯ ಹೇಳಬೇಕಾಗಿದೆ. ಕಾಫಿ ಒಂದೆರಡು ವರ್ಷ ಕೈಕೊಟ್ಟಿತು, ಮಗಳ ಮದುವೆ ಕೂಡಿಬರಲಿಲ್ಲ, ಸೊಸೆಗೆ ಮಕ್ಕಳಾಗಲಿಲ್ಲ. ಯಾರೋ ಬಂದು, ತೋಟಕ್ಕೆ ಜೆಸಿಬಿ ಬಿಟ್ಟಾಗ ಹಾವು ಸತ್ತಿತ್ತಲ್ಲ, ಅದರದೇ ದೋಷ ಎನ್ನುತ್ತಾರೆ. ಭಾನುವಾರ ಪೂಜೆಗೆ ಬರುವ ಮನೆಯಲ್ಲೇ ಈ ಮಾತು ಬೇರು ಬಿಡುತ್ತದೆ. ಕೆಲವರು ಯಾರಿಗೂ ಹೇಳದೆ ಸಾಲ ಮಾಡಿ ಪರಿಹಾರಕ್ಕೆ ಅಲೆಯುತ್ತಾರೆ. ನೆರೆಯವರು ತಮ್ಮ ಶ್ರದ್ಧೆಯಿಂದ ಮಾಡುವುದು ಒಂದು. ನಮ್ಮವರು ನಂಬಿಕೆಯೂ ಇಲ್ಲದೆ ಬರಿಯ ಹೆದರಿಕೆಯಿಂದ ಮಾಡುವುದು ಇನ್ನೊಂದು. ಸತ್ತ ಹಾವು ಯಾರ ಮೇಲೂ ಸೇಡು ತೀರಿಸಿಕೊಳ್ಳುವುದಿಲ್ಲ. ದೀಕ್ಷಾಸ್ನಾನ ಪಡೆದವರು ಆ ಭಯದಲ್ಲಿ ಬದುಕಬೇಕಾಗಿಲ್ಲ. ಆದರೆ ಆ ಮನೆಯಲ್ಲಿ ದಿನವೂ ಸೊಸೆಯ ಕಡೆಗೆ ಬೊಟ್ಟು ಮಾಡುವ ಒಂದು ಬಾಯಿ ಇರುತ್ತದಲ್ಲ, ಆಕೆ ಕಾಲಿಟ್ಟಂದಿನಿಂದ ಹೀಗಾಯಿತು ಎನ್ನುವ ಬಾಯಿ? ಹಗಲಿರುಳು ದೂರು ಹೊರಿಸುವವನೆಂದು ಪ್ರಕಟನಾ ಗ್ರಂಥ ಹೆಸರಿಟ್ಟದ್ದು ಯಾರಿಗೆ ಎಂಬುದನ್ನು ಅಲ್ಲಿ ಹುಡುಕಬೇಕು, ಹುತ್ತದಲ್ಲಲ್ಲ. ಹಿಂದಿನ ಕಾಲದ ಗಡಿಗೆಯ ಹಾವು ಒಮ್ಮೆ ಕಚ್ಚಿದರೆ ಮುಗಿಯಿತು. ಈ ಕಡಿತಕ್ಕೆ ಕೊನೆಯೇ ಇಲ್ಲ.

ಹಾವನ್ನು ಸೈತಾನನೆಂದು ತಿಳಿದುಕೊಂಡದ್ದರಿಂದ ಇನ್ನೊಂದು ಕೆಡುಕೂ ಆಗಿದೆ. ಕಂಡ ಹಾವನ್ನೆಲ್ಲ ಹೊಡೆಯುವುದರಲ್ಲಿ ನಮ್ಮ ಲೈನ್ ಮನೆಗಳವರೂ ತೋಟದವರೂ ಹಿಂದೆಬಿದ್ದಿಲ್ಲ. ಇಲಿ ಹಿಡಿದು ಬತ್ತ ಉಳಿಸುವ ಕೆರೆಹಾವನ್ನೂ ಬಿಡುವುದಿಲ್ಲ. ಈ ವಿಷಯದಲ್ಲಿ ನೆರೆಯವರ ಭಯಭಕ್ತಿಯಿಂದ ನಾವು ಕಲಿಯಬೇಕಾದದ್ದು ಬಹಳವಿದೆ. ನಮ್ಮ ಕಾಡಿನ ಕಾಳಿಂಗ ಸರ್ಪವನ್ನೇ ತೆಗೆದುಕೊಳ್ಳಿ. ಜಗತ್ತಿನ ವಿಷದ ಹಾವುಗಳಲ್ಲೆಲ್ಲ ಉದ್ದವಾದದ್ದು, ಮುಖ್ಯವಾಗಿ ಬೇರೆ ಹಾವುಗಳನ್ನೇ ತಿಂದು ಬದುಕುವುದು. ಹೆಣ್ಣು ಹಾವು ತರಗೆಲೆಗಳನ್ನು ಒಟ್ಟುಮಾಡಿ ಗೂಡು ಕಟ್ಟಿ ಮೊಟ್ಟೆಯಿಡುತ್ತದೆ. ಆಗುಂಬೆಯಲ್ಲಿ 2005ರಲ್ಲಿ ಆರಂಭವಾದ ಸಂಶೋಧನಾ ಕೇಂದ್ರದಲ್ಲಿ ಇದರ ಅಧ್ಯಯನ ನಡೆದಿದೆ. 2024ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಕಾಳಿಂಗವು ಪ್ರತ್ಯೇಕ ಪ್ರಭೇದವೆಂದು ನಿರ್ಧರಿಸಿ 'ಒಫಿಯೊಫೇಗಸ್ ಕಾಳಿಂಗ' ಎಂದು ನಮ್ಮ ಪದವನ್ನೇ ಇಟ್ಟರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಕೊಲ್ಲುವುದು ಅಪರಾಧ.

ನಿಜವಾದ ಹಾವಿನ ಭಯಕ್ಕೆ ನಿಜವಾದ ಉಪಾಯವೇ ಬೇಕು. 2000ದಿಂದ 2019ರ ಅವಧಿಯಲ್ಲಿ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತರೆಂದು 2020ರ ಒಂದು ಅಧ್ಯಯನ ಅಂದಾಜು ಮಾಡಿದೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಸಂತ ಜಾರ್ಜರನ್ನು ಬೇಡಿಕೊಳ್ಳಿ; ಹಾಗೆಯೇ ಕುಯ್ಲಿಗೆ ಹೋಗುವಾಗ ಗಮ್ ಬೂಟು ಹಾಕಿಕೊಳ್ಳಿ, ರಾತ್ರಿ ಟಾರ್ಚ್ ಇಲ್ಲದೆ ಅಂಗಳಕ್ಕಿಳಿಯಬೇಡಿ. ಕಚ್ಚಿದ ಜಾಗವನ್ನು ಕೊಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಬೇಡ. ಕೈಕಾಲು ಅಲುಗಾಡದಂತೆ ಇರಿಸಿ, ನಾಟಿ ಔಷಧಿಯೆಂದು ಹೊತ್ತು ಕಳೆಯದೆ ಆಸ್ಪತ್ರೆಗೆ ಕೊಂಡೊಯ್ಯಿರಿ.

ಕೊನೆಗೆ ಮಕ್ಕಳಿಗೊಂದು ವಿಷಯ. ಹೆಸರಿನಲ್ಲಿ ನಿಜವಾಗಿಯೂ ಡ್ರ್ಯಾಗನ್ ಆಗಿರುವ ಒಂದು ಪ್ರಾಣಿ ನಮ್ಮ ತೋಟಗಳಲ್ಲೇ ಇದೆ. ಅದು ಹಾರುವ ಓತಿ. ಲಿನೆಯಸ್ ಎಂಬ ಸ್ವೀಡನ್ನಿನ ವಿಜ್ಞಾನಿ 1758ರಲ್ಲಿ ಈ ಕುಲಕ್ಕೆ 'ಡ್ರಾಕೊ' ಎಂದು ಹೆಸರಿಟ್ಟನು. ನಮ್ಮ ಘಟ್ಟದ ಜಾತಿಗೆ 1837ರಲ್ಲಿ ಸಿಕ್ಕ ಹೆಸರು 'ಡ್ರಾಕೊ ಡುಸುಮಿಯೇರಿ'. ಬಾಲ ಸೇರಿಸಿದರೂ ಒಂದು ಗೇಣಿನ ಆಸುಪಾಸು. ಪಕ್ಕೆಲುಬುಗಳೇ ಉದ್ದವಾಗಿ ಬೆಳೆದು ಅವುಗಳ ಮೇಲೆ ತೆಳ್ಳನೆಯ ಚರ್ಮ ಹರಡಿರುತ್ತದೆ. ಅದನ್ನು ಕೊಡೆಯ ಹಾಗೆ ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ. ತಿನ್ನುವುದು ಇರುವೆ. ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ಪ್ರಕಟಿಸಿದ 'ಕರ್ವಾಲೊ' ಕಾದಂಬರಿಯಲ್ಲಿ ಮೂಡಿಗೆರೆಯ ಜನ ಕಾಡು ಹೊಕ್ಕು ಹುಡುಕುವುದು ಇದೇ ಹಾರುವ ಓತಿಯನ್ನು. ಅದರಲ್ಲಿನ ವಿಜ್ಞಾನಿಗೆ ತೇಜಸ್ವಿಯವರು ನಮ್ಮ ಕೊಂಕಣಿ ಮನೆಗಳ ಹೆಸರನ್ನೇ ಕೊಟ್ಟಿದ್ದಾರೆ ಎಂಬುದು ನಮಗೊಂದು ಸಣ್ಣ ಸಂತೋಷ. ಸೆಪ್ಟೆಂಬರ್ 29ರ ಪೂಜೆ ಮುಗಿಸಿ ಬಂದ ಮೇಲೆ, ಮಳೆ ಹೊಳವಾಗಿದ್ದರೆ ಅಡಿಕೆ ಮರಗಳ ಬೊಡ್ಡೆಯನ್ನು ಮೆಲ್ಲಗೆ ನೋಡುತ್ತ ಹೋಗಿರಿ. ತೊಗಟೆಯ ಬಣ್ಣವೇ ಅದರ ಬಣ್ಣ, ಸುಮ್ಮನಿದ್ದರೆ ಕಾಣುವುದಿಲ್ಲ. ಗಂಡು ಓತಿ ಗಂಟಲಿನ ಹಳದಿ ಚೀಲವನ್ನು ಮುಂದಕ್ಕೆ ಬಿಚ್ಚಿ ಮಡಚುವಾಗ ಕಣ್ಣಿಗೆ ಬೀಳುತ್ತದೆ.